ಕೊಂಡಿಯಿಲ್ಲದ ಸೆರಗು

ಮೂವತ್ತಕ್ಕೂ ಮಿಕ್ಕಿದ ವರ್ಷಗಳ ವರೆಗೆ ಮಕ್ಕಳಿಗೆ ಸತ್ಯವನ್ನೇ ನುಡಿಯಿರೆಂದು ಬೋಧಿಸಿದ ನಾನು, ನಿವೃತ್ತನಾದ ತರುವಾಯ ಬನಹಟ್ಟಿಯ ಸೀರೆಯ ಅಂಗಡಿಯೊಂದರಲ್ಲಿ ಸಣ್ಣದೊಂದು ಸುಳ್ಳನ್ನಾಡಿದೆನು. ಅದನ್ನು ವಾಚಕರ ಮುಂದೆ ಅರುಹುವದು ಲೇಸೆಂದು ತೋರಿದೆ.

ಕಳೆದ ಮಾಘದಲ್ಲಿ ನಮ್ಮ ಮಗಳ ಕುಬುಸದ ಕಾರ್ಯವು ಒದಗಿತು. ಅವಳಿಗೆ ಇಳಕಲ್ ಸೀರೆಯನ್ನು ಉಡಿಸಬೇಕೆಂಬುದು ನಮ್ಮ ಮನೆಯವಳ ಬಯಕೆ. ಚಿಮ್ಮಡದಲ್ಲಿ ಬಸ್ಸು ಹತ್ತಿ ಇಬ್ಬರೂ ಬನಹಟ್ಟಿಗೆ ಹೋದೆವು. ರಬಕವಿ-ಬನಹಟ್ಟಿಗಳು ನೇಕಾರರ ಊರುಗಳು. ಅಲ್ಲಿ ಬಟ್ಟೆ ಮಾರುವವನಿಗೆ ಬಟ್ಟೆಯ ಹುಟ್ಟೂ ಗೊತ್ತು. ಅಂಗಡಿಯ ಯಜಮಾನರು ನಮ್ಮನ್ನು ಗಾದಿಯ ಮೇಲೆ ಕುಳ್ಳಿರಿಸಿ, ಚಹ ತರಿಸಿ, ಹತ್ತೆಂಟು ಸೀರೆಗಳನ್ನು ಬಿಚ್ಚಿ ಹಾಸಿದರು. ಚಿಕ್ಕಿ ಪರಾಸ ಯಾವದು, ಗೋಮಿ ದಡಿ ಯಾವದು, ಗಾಯತ್ರಿ ಯಾವದು ಎಂಬುದನ್ನು ಬಿಡಿಸಿ ಹೇಳಿದರು. ಈ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಕುಣಿಕೆಗಳಿಂದ ಒಂದಕ್ಕೊಂದು ಸಿಕ್ಕಿಸಿ ಕೂಡಿಸುವರು. ಅದಕ್ಕೆ ಕೊಂಡಿಯೆಂದು ಹೆಸರು. “ಇಲ್ಲಿ ಬೆರಳಾಡಿಸಿ ನೋಡ್ರೆವ್ವಾ, ನಕಲಿಗೆ ಇದು ಇರಂಗಿಲ್ಲ” ಎಂದು ಮನೆಯವಳ ಕೈಗೆ ಸೆರಗನ್ನು ಕೊಟ್ಟರು.

ಒಂದು ಹಸಿರು ಸೀರೆಯು ಅವಳ ಮನಸ್ಸಿಗೆ ಬಂದಿತು. ನಾನು ಬೆಲೆ ಕೇಳಿ, ಮೊಬೈಲಿನಲ್ಲಿ ಅದರ ಚಿತ್ರವನ್ನು ತೆಗೆದು, “ಮಗಳಿಗೆ ತೋರಿಸಿ ನಾಳೆ ಬರತೇವ್ರಿ” ಎಂದೆನು. ಚಿತ್ರವು ಹೋದದ್ದು ಮಗಳಿಗಲ್ಲ, ಪುಣೆಯಲ್ಲಿರುವ ಮಗನಿಗೆ. ಅಂಥದೇ ಸೀರೆಯು ಮೊಬೈಲಿನ ಪೇಟೆಯಲ್ಲಿ ಅರ್ಧ ಬೆಲೆಗೆ ದೊರೆಯುವದೆಂದು ಅವನು ಆ ರಾತ್ರಿಯೇ ತಿಳಿಸಿದನು. ತರಿಸು ಎಂದೆನು.

ಅಮರಕೋಶದ ವೈಶ್ಯವರ್ಗದಲ್ಲಿ ಸಾರ್ಥವಾಹ, ಆಪಣಿಕ ಎಂಬ ಪದಗಳು ವ್ಯಾಪಾರಿಯ ಪರ್ಯಾಯಗಳಾಗಿ ಒಟ್ಟಿಗೇ ಬರುವವು. ನಾನೂ ಹಾಗೆಯೇ ಬಾಯಿಪಾಠ ಮಾಡಿಸಿದವನು. ಆದರೆ ಸಾರ್ಥವಾಹನು ಸರಕಿನ ತಂಡವನ್ನು ನಡೆಸಿಕೊಂಡು ಊರು ದಾಟಿ ಹೋಗುವವನು. ಆಪಣಿಕನು ನಾಳೆಯೂ ಅದೇ ಅಂಗಡಿಯಲ್ಲಿ ಕುಳಿತು ನಮ್ಮ ಮುಖವನ್ನು ನೋಡಬೇಕಾದವನು. 2007ರಲ್ಲಿ ಫ್ಲಿಪ್‌ಕಾರ್ಟ್ ಬೆಂಗಳೂರಿನಲ್ಲಿ ಪುಸ್ತಕಗಳ ಮಾರಾಟದಿಂದ ಆರಂಭವಾದಾಗಲೂ, 2013ರಲ್ಲಿ ಅಮೆಜಾನ್ ಈ ದೇಶದ ಪೇಟೆಗೆ ಇಳಿದಾಗಲೂ ಇದು ಪಟ್ಟಣಿಗರ ಗೊಡವೆಯೆಂದು ನಾವು ಸುಮ್ಮನಿದ್ದೆವು. ಈಗ ನಮ್ಮ ಓಣಿಗೂ ಆ ಗಂಟುಗಳು ಬರುತ್ತಿವೆ. ಬರಬಾರದೆಂದು ನಾನೆನ್ನಲಾರೆ, ಮೊದಲು ತಿಂಗಳುಗಟ್ಟಲೆ ಕಾಯಿಸುತ್ತಿದ್ದ ಕಾಶಿಯ ವ್ಯಾಕರಣಗ್ರಂಥಗಳು ಈಗ ವಾರದೊಳಗೆ ನನ್ನ ಮೇಜಿನ ಮೇಲಿರುವವು. ಆದರೆ ಗಾದಿ, ಚಹ, ಅರ್ಧ ದಿನದ ವಿವರಣೆ ಇವೆಲ್ಲವುಗಳ ಖರ್ಚು ಒಬ್ಬನಿಗೆ, ಮಾರಾಟದ ಲಾಭ ಇನ್ನೊಬ್ಬನಿಗೆ ಎಂಬ ಲೆಕ್ಕವು ನನಗೆ ಆಗ ಹೊಳೆಯಲಿಲ್ಲ.

ಸೀರೆ ಬಂದಿತು. ಮನೆಯವಳು ಕನ್ನಡಕವನ್ನು ಸಹ ಹಾಕಿಕೊಳ್ಳದೆ ಸೆರಗಿನ ಬುಡದಲ್ಲಿ ಬೆರಳಾಡಿಸಿ, “ಕೊಂಡಿ ಇಲ್ಲರೀ” ಎಂದಳು. ಆ ಪರೀಕ್ಷೆಯನ್ನು ಅವಳಿಗೆ ಕಲಿಸಿದವರಾರೆಂಬುದನ್ನು ನಾವಿಬ್ಬರೂ ಬಾಯಿ ಬಿಟ್ಟು ಆಡಲಿಲ್ಲ.

ಕಾರ್ಯಕ್ಕೆ ಎರಡೇ ದಿನ ಉಳಿದಿದ್ದವು. ನಾನೊಬ್ಬನೇ ಮತ್ತೆ ಬನಹಟ್ಟಿಗೆ ಹೋದೆನು. ಯಜಮಾನರು ನನ್ನನ್ನು ಕಂಡೊಡನೆ ಮೇಲಿನ ಖಾನೆಯಿಂದ ಅದೇ ಹಸಿರು ಸೀರೆಯನ್ನು ತೆಗೆದರು. “ಬರತೀರಿ ಅಂತ ತಗದಿಟ್ಟಿದ್ದೆ, ಗುರುಗಳೇ.” ಬೆಲೆ ಮೊದಲಿನದೇ. ನಾನು ಚೌಕಾಸಿ ಮಾಡಲಿಲ್ಲ.

ಅಂಗಡಿಯ ನಡುವೆ ಹಲಗೆಯ ಗೋಡೆಯೊಂದಿದ್ದಿತು; ಮೊದಲ ಸಲ ಅದಕ್ಕೆ ಲಕ್ಷ್ಯಗೊಟ್ಟಿರಲಿಲ್ಲ. ಅದರ ಆಚೆ ಹುಡುಗರಿಬ್ಬರು ಪಾರ್ಸಲ್ಲುಗಳನ್ನು ಊರಿನಂತೆ ವಿಂಗಡಿಸುತ್ತಿದ್ದರು. ಇದೇನೆಂದು ಕೇಳಿದೆನು.

“ಅರ್ಧ ಅಂಗಡಿ ಬಾಡಿಗಿಗೆ ಕೊಟ್ಟೇನ್ರಿ, ಎರಡು ವರ್ಷಾತು. ಸೀರಿ ಮಾರಿದ್ರೂ ಬಿಟ್ರೂ ತಿಂಗಳಿಗೆ ರೊಕ್ಕ ಬರತೈತಿ.” ಕಾಗದದಲ್ಲಿ ಸೀರೆಯನ್ನು ಸುತ್ತುತ್ತ, ತಲೆಯೆತ್ತದೆ ಮುಂದುವರಿಸಿದರು: “ಚಿಮ್ಮಡದವೂ ಇಲ್ಲಿಂದನ ಹೋಗತಾವ.”

ನನ್ನ ಪಾರ್ಸಲ್ಲಿನ ಮೇಲೆ ನನ್ನ ಹೆಸರು ದಪ್ಪಕ್ಷರಗಳಲ್ಲಿ ಇದ್ದಿತು. ಅಷ್ಟರಲ್ಲಿ ಚಹ ಬಂದಿತು. ಕುಡಿದೆನು.