ಮೂರು ಕಿಲೋ

ನಮ್ಮ ಗುಂಡ್ಯದ ಕಡೆ ಮಳೆಗಾಲ ಮುಗಿಯಿತೆಂದು ಗೊತ್ತಾಗುವುದು ಕಬಡ್ಡಿಯ ಬ್ಯಾನರು ಕಂಡಾಗ. ನೆಲ್ಯಾಡಿಯಿಂದ ಸುಬ್ರಹ್ಮಣ್ಯದವರೆಗೆ ಸಿಕ್ಕಿದ ಮರಕ್ಕೆ, ಕಂಬಕ್ಕೆ ‘60 ಕೆ.ಜಿ. ವಿಭಾಗದ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ’ ಎಂದು ಕಟ್ಟಿರುತ್ತಾರೆ. ಘಟ್ಟದ ಮೇಲಿನ ನೆಂಟರೊಬ್ಬರು ಅದನ್ನು ಓದಿ, “ಅರವತ್ತು ಕೆ.ಜಿ. ಯಾವುದು, ಅಡಿಕೆಯಾ?” ಎಂದು ಕೇಳಿದ್ದರು. ಮನುಷ್ಯರನ್ನೇ ತೂಗಿ ಆಡಿಸುತ್ತಾರೆ ಎಂದರೆ ಅವರಿಗೆ ನಂಬಿಕೆ ಬರಲಿಲ್ಲ.

ನನ್ನನ್ನೂ ಹಾಗೆ ತೂಗಿದ್ದಾರೆ. ವಿಭಾಗ 55 ಕಿಲೋದ್ದು, ನಾನು 58. ಮೂರು ಕಿಲೋ ಇಳಿಸಲು ಎರಡು ದಿನ ಗಂಜಿತಿಳಿಯಲ್ಲಿ ಕಳೆದೆ. ಪಂದ್ಯದ ಮಧ್ಯಾಹ್ನ ಸ್ವೆಟರಿನ ಮೇಲೆ ರೈನ್‌ಕೋಟು ಹಾಕಿಕೊಂಡು ಘಾಟಿ ರಸ್ತೆಯಲ್ಲಿ ಓಡಿದೆ. ಬಿಸಿಲಲ್ಲಿ ರೈನ್‌ಕೋಟಿನವನನ್ನು ನೋಡಿ ಲಾರಿಯವರು ಹಾರ್ನ್ ಹೊಡೆದು ನಕ್ಕರು. ಸಂಜೆ ತಕ್ಕಡಿ ಹತ್ತಿದರೆ ಮುಳ್ಳು 55ನ್ನು ದಾಟಿ ಕೂದಲೆಳೆಯಷ್ಟು ಮುಂದೆ. ಬೆಲ್ಟು ಬಿಚ್ಚಿದೆ, ಸೊಂಟದ ಉಡಿದಾರವನ್ನೂ ಬಿಚ್ಚಿದೆ. ಮುಳ್ಳು ಅಲ್ಲಾಡಲಿಲ್ಲ. ಅಷ್ಟು ಹಸಿದವನನ್ನು ಹೊರಗೆ ಕೂರಿಸಿದರಲ್ಲ, ಆ ಸಂಘಟಕರ ಮೇಲೆ ನನಗೆ ಈಗಲೂ ಸಣ್ಣ ಸಿಟ್ಟಿದೆ. ಆ ರಾತ್ರಿ ತಿಂದ ಗೋಳಿಬಜೆಗೆ ಲೆಕ್ಕವಿಲ್ಲ.

ಇಂಥವನು ಬಾಕ್ಸರ್ ಮೇರಿ ಕೋಮ್‌ಗೆ ಅಭಿಮಾನಿಯಾದದ್ದು ಪಂಚ್ ನೋಡಿ ಅಲ್ಲ. ಆಗ ನನಗೆ ಜ್ಯಾಬ್ ಯಾವುದು, ಹುಕ್ ಯಾವುದು ಎಂದು ತಿಳಿಯುತ್ತಿರಲಿಲ್ಲ. ಪೇಪರಿನಲ್ಲಿ ಅವಳ ಹೆಸರಿನ ಪಕ್ಕ ಬರುತ್ತಿದ್ದ ಕಿಲೋ ಅಂಕಿ ನನ್ನನ್ನು ಹಿಡಿಯಿತು. 2002ರಲ್ಲಿ ಟರ್ಕಿಯಲ್ಲಿ ಮೊದಲ ವಿಶ್ವಪಟ್ಟ ಗೆದ್ದಾಗ 45 ಕಿಲೋ ವಿಭಾಗ. 2005, 2006, 2008ರಲ್ಲಿ 46. 2010ರಲ್ಲಿ 48. ಇವುಗಳ ನಡುವೆ, 2007ರ ಆಗಸ್ಟ್ 5ರಂದು ಅವಳಿ ಗಂಡುಮಕ್ಕಳನ್ನು ಹೆತ್ತಿದ್ದಳು. ಬಾಣಂತನ ಮುಗಿಸಿ ಮತ್ತೆ 46ಕ್ಕೆ ಇಳಿದು ಚೀನಾದಲ್ಲಿ ಚಿನ್ನ ತಂದಳು ಎಂದು ನಾನು ಹೇಳಿದಾಗ ನಮ್ಮ ಚಿಕ್ಕಮ್ಮ ಗೆಲುವಿನ ಸುದ್ದಿಯನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. “ಮಕ್ಕಳನ್ನು ಯಾರು ನೋಡಿಕೊಂಡರಂತೆ?” ಎಂದರು. ಗಂಡ ಓನ್ಲರ್ ನೋಡಿಕೊಂಡ ಎಂದೆ. ಚಿಕ್ಕಪ್ಪ ಪೇಪರು ಮಡಚಿಟ್ಟು ತೋಟದ ಕಡೆ ಹೋದರು.

ಅವಳ ಊರು ಮಣಿಪುರದ ಕಾಂಗಥೇಯಿ. ತಂದೆ ಟೋನ್‌ಪಾ ಕೋಮ್ ಬೇರೆಯವರ ಗದ್ದೆಯಲ್ಲಿ ದುಡಿದವರು. ಮಣಿಪುರದವನೇ ಆದ ಡಿಂಕೊ ಸಿಂಗ್ 1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ ಬಾಕ್ಸಿಂಗ್ ಚಿನ್ನ ಗೆದ್ದದ್ದು ಈ ಹುಡುಗಿಯ ತಲೆಗೆ ಹುಳ ಬಿಟ್ಟಿತು. ಮನೆಯಲ್ಲಿ ಹೇಳದೆ ಕಲಿತಳು. ತಂದೆಗೆ ಗೊತ್ತಾದದ್ದು ಪತ್ರಿಕೆಯಲ್ಲಿ ಅವಳ ಫೋಟೊ ಬಂದ ಮೇಲೆ. ಮುಂದಿನದನ್ನು ಸಿನಿಮಾದವರು ಹಾಡು ಸೇರಿಸಿ ತೋರಿಸಿದ್ದಾರೆ, ನಾನು ಹೇಳಬೇಕಾಗಿಲ್ಲ.

ಸಿನಿಮಾದಲ್ಲಿ ಬಾರದ್ದು ಲಂಡನ್. ಒಲಿಂಪಿಕ್ಸ್‌ನಲ್ಲಿ ಹೆಂಗಸರ ಬಾಕ್ಸಿಂಗ್ ಮೊದಲ ಬಾರಿ ಬಂದದ್ದು 2012ರಲ್ಲಿ. ಆದರೆ ವಿಭಾಗ ಮೂರೇ: 51, 60, 75. ಐದು ಸಲ ಜಗತ್ತನ್ನು ಗೆದ್ದವಳಿಗೆ ಅವಳ ತೂಕದ ಜಾಗವೇ ಇಲ್ಲ! 48ರವಳು 51ಕ್ಕೆ ಏರಬೇಕು. ಮೂರು ಕಿಲೋ. ಎದುರಿಗೆ ಬಂದ ಪೋಲೆಂಡಿನ ಕರೋಲಿನಾ ಮಿಖಾಲ್ಚುಕ್ 54ರಲ್ಲಿ ವಿಶ್ವಚಾಂಪಿಯನ್ ಆಗಿದ್ದವಳು, ಮೂರು ಕಿಲೋ ಇಳಿಸಿ ಬಂದಿದ್ದಳು. ಬಾಕ್ಸಿಂಗಿನಲ್ಲಿ ಹತ್ತುವುದು, ಇಳಿಯುವುದು ಒಂದೇ ಅಲ್ಲ. ಇಳಿದವಳು ತನ್ನ ಎತ್ತರ, ಕೈಯುದ್ದ ಎಲ್ಲ ಜತೆಗೆ ತರುತ್ತಾಳೆ. ಹತ್ತಿದವಳು ತರುವುದು ಬರೀ ಹೆಚ್ಚು ಉಂಡ ಅನ್ನ. ಆದರೂ ಅವಳಿಗಳ ಐದನೇ ಹುಟ್ಟುಹಬ್ಬದ ದಿನ ಮೇರಿ 19–14ರಿಂದ ಗೆದ್ದಳು. ಮರುದಿನ ಟ್ಯುನಿಷಿಯಾದ ಹುಡುಗಿಯನ್ನು 15–6ರಿಂದ ಸೋಲಿಸಿದಳು.

ಆಗಸ್ಟ್ 8, ಆಟಿ ತಿಂಗಳ ಸಂಜೆ. ಹೆದ್ದಾರಿ ಬದಿಯ ಹೋಟೆಲಿನಲ್ಲಿ ನಾವು ಏಳೆಂಟು ಮಂದಿ. ಘಾಟಿಯಲ್ಲಿ ಬ್ಲಾಕ್ ಆಗಿ ನಿಂತ ಲಾರಿಗಳ ಡ್ರೈವರುಗಳೇ ಹೆಚ್ಚು. ಹೋಟೆಲಿನ ಅಣ್ಣನಿಗೆ ಕ್ರಿಕೆಟ್ ಬಿಟ್ಟರೆ ಬೇರೆ ಆಟ ಆಟವೇ ಅಲ್ಲ, ನನ್ನ ಒತ್ತಾಯಕ್ಕೆ ಚಾನೆಲ್ ಬದಲಿಸಿದ್ದರು. ಎದುರಾಳಿ ಇಂಗ್ಲೆಂಡಿನ ನಿಕೋಲಾ ಆ್ಯಡಮ್ಸ್. ಊರು ಅವಳದು, ಬೊಬ್ಬೆಯೂ ಅವಳ ಕಡೆಯವರದು. ಮೇರಿ ಒಳಗೆ ನುಗ್ಗಬೇಕೆಂದು ನೋಡುತ್ತಾಳೆ, ಆಕೆ ಹಿಂದೆ ಸರಿದು ಉದ್ದ ಕೈಯಲ್ಲಿ ಮುಟ್ಟಿ ಹೋಗುತ್ತಾಳೆ. “ಕೈ ಎಟಕುವುದಿಲ್ಲ ಮಾರಾಯ್ರೆ” ಎಂದ ಒಬ್ಬ ಡ್ರೈವರ್. ಬಾಕ್ಸಿಂಗ್ ಕುರಿತು ಅಷ್ಟು ಸರಿಯಾದ ವಿಮರ್ಶೆಯನ್ನು ನಾನು ಯಾವ ಪೇಪರಿನಲ್ಲೂ ಓದಿಲ್ಲ. ಮೂರನೇ ಸುತ್ತಿನಲ್ಲಿ ಕರೆಂಟು ಹೋಯಿತು. ಎಲ್ಲಿಯೋ ಲೈನಿನ ಮೇಲೆ ಮರ ಬಿದ್ದಿರಬೇಕು. ಕತ್ತಲಲ್ಲಿ ಚಾ ಕುಡಿಯುತ್ತ ಕೂತೆವು. ಎಷ್ಟೋ ಹೊತ್ತಿನ ಮೇಲೆ ಮಂಗಳೂರು ಕಡೆಯಿಂದ ಬಂದವನೊಬ್ಬ, “6–11, ಕಂಚು” ಎಂದು ತಲೆ ಒರೆಸಿಕೊಂಡ.

ಆ ಕಂಚು ನನಗೆ ಉಳಿದ ಚಿನ್ನಗಳಿಗಿಂತ ದೊಡ್ಡದು. ಇದರಲ್ಲಿ ನನ್ನ 55 ಕಿಲೋದ ಸಂಕಟವೂ ಸೇರಿರಬಹುದು.

ಅಭಿಮಾನಿಗೂ ಒಂದು ಗಂಟಲು ಇರುತ್ತದೆ, ಕೆಲವು ಅದರಲ್ಲಿ ಇಳಿಯುವುದಿಲ್ಲ. 2019ರ ಡಿಸೆಂಬರಿನ ಆಯ್ಕೆ ಟ್ರಯಲ್ಸ್‌ನಲ್ಲಿ ನಿಖತ್ ಜರೀನ್‌ಳನ್ನು 9–1ರಿಂದ ಸೋಲಿಸಿದ ಮೇಲೆ ಮೇರಿ ಕೈಕುಲುಕಲಿಲ್ಲ. ಟ್ರಯಲ್ಸ್ ಬೇಕೆಂದು ಕೇಳಿದ ಚಿಕ್ಕವಳ ಮೇಲೆ ಸಿಟ್ಟು. ನಮ್ಮಲ್ಲಿ ಕಬಡ್ಡಿಯಲ್ಲಿ ಕಾಲು ಹಿಡಿದೆಳೆದು ಮಣ್ಣು ತಿನ್ನಿಸಿದವನೂ ಪಂದ್ಯ ಮುಗಿದ ಮೇಲೆ ಕೈ ಕೊಟ್ಟು ಹೋಗುತ್ತಾನೆ. ಮೇರಿ ಹಾಗೆ ಮಾಡಿದ್ದು ನನಗೆ ಹಿಡಿಸಲಿಲ್ಲ. 2022ರಲ್ಲಿ ನಿಖತ್ ವಿಶ್ವಚಾಂಪಿಯನ್ ಆದಾಗ ಒಳಗೊಳಗೇ ಸಮಾಧಾನವಾಯಿತು.

ಆದರೆ 2018ರ ಪೋಲೆಂಡಿನ ಕತೆ ನೆನೆದರೆ ಮತ್ತೆ ಕರಗುತ್ತೇನೆ. ನಸುಕಿನಲ್ಲಿ ಹೋಗಿ ಇಳಿದಳಂತೆ. ಬೆಳಿಗ್ಗೆ ಏಳೂವರೆಗೆ ತೂಕ, ವಿಭಾಗ 48, ಇವಳು ಎರಡು ಕಿಲೋ ಹೆಚ್ಚು. ಒಂದು ಗಂಟೆ ಬಿಡದೆ ಹಗ್ಗ ಹಾರಿ ತಕ್ಕಡಿ ಹತ್ತಿದಳು, ತೂಕ ಸರಿಯಾಯಿತು, ಚಿನ್ನವನ್ನೂ ತಂದಳು. ಅದೇ ವರ್ಷ ದೆಹಲಿಯಲ್ಲಿ ಆರನೇ ವಿಶ್ವಪಟ್ಟ. ಮೂರು ಮಕ್ಕಳ ತಾಯಿ, ವಯಸ್ಸು ಮೂವತ್ತೈದು ದಾಟಿದೆ! ರೈನ್‌ಕೋಟು ಹಾಕಿ ಓಡಿದ ನಾನು ಈ ಸುದ್ದಿಯನ್ನು ಎರಡು ಸಲ ಓದಿದೆ. ನನಗೂ ಒಂದು ಹಗ್ಗ ಇರುತ್ತಿದ್ದರೆ?

ಟೋಕಿಯೊ ಬಂದಾಗ 2021ರ ಜುಲೈ 29. ಅದೇ ಹೋಟೆಲು, ಟಿ.ವಿ. ಮಾತ್ರ ದೊಡ್ಡದಾಗಿತ್ತು. ಕೊರೊನಾ ಕಾಲ, ಗಿರಾಕಿಗಳು ಇಬ್ಬರೋ ಮೂವರೋ. ಹೊರಗೆ ಗುಂಡ್ಯ ಹೊಳೆ ಕೆಂಪಾಗಿ ಉಕ್ಕುತ್ತಿತ್ತು, ಆದರೆ ಕರೆಂಟು ಅಲುಗಾಡದೆ ನಿಂತಿತ್ತು. ಕೊಲಂಬಿಯಾದ ಇಂಗ್ರಿತ್ ವಲೆನ್ಸಿಯಾ ಎದುರು ಮೂರು ಸುತ್ತಿನಲ್ಲಿ ಎರಡು ಮೇರಿಯ ಕಡೆಗೇ ಬಿದ್ದಿದ್ದವು. ಒಟ್ಟು ಲೆಕ್ಕದಲ್ಲಿ ಮೂವರು ತೀರ್ಪುಗಾರರು ಆಕೆಯ ಕಡೆ, ಇಬ್ಬರು ಇವಳ ಕಡೆ. ರೆಫರಿ ಎತ್ತಿದ್ದು ವಲೆನ್ಸಿಯಾಳ ಕೈ. ಮೇರಿಯೂ ನಗುತ್ತ ತನ್ನ ಕೈ ಎತ್ತಿದಳು. ತಾನು ಗೆದ್ದೆನೆಂದೇ ಅವಳು ತಿಳಿದಿದ್ದಳು.

ಹೋಟೆಲಿನ ಅಣ್ಣ ಕೈಯಲ್ಲಿದ್ದ ಚಾದ ಗ್ಲಾಸನ್ನು ನನ್ನ ಮುಂದಿಡದೆ ಹಾಗೇ ನಿಂತಿದ್ದರು. ಬಾಕ್ಸಿಂಗ್ ನೋಡದ ಮನುಷ್ಯ.

“ಕರೆಂಟು ಇವತ್ತು ಹೋಗಬೇಕಿತ್ತು” ಎಂದರು.