ಜೊಲ್ಲಿಗೆ ಜರಿ ಬೇಡ

ಪ್ರೀತಿಯ ಗೆಳತಿ,

ಮೊಮ್ಮಗನ ಅನ್ನಪ್ರಾಶನ ಮುಗಿಯಿತು, ರಾಗಿ ಮಣ್ಣಿ ಶುರುವಾಗಿದೆ ಎಂದು ಬರೆದಿದ್ದೀರಿ. ಓದಿ ಖುಷಿಯಾಯಿತು. ಅವನಿಗೆ ನಾಲ್ಕು ಬಿಬ್ ಹೊಲಿಯುವ ಆಸೆ, ಅಂಚಿಗೆ ಹಳೇ ರೇಷ್ಮೆ ಸೀರೆಯ ಬಾರ್ಡರ್ ಹಚ್ಚಲೇ ಎಂದೂ ಕೇಳಿದ್ದೀರಿ. ಹಚ್ಚಬೇಡಿ. ಬಿಬ್ ಇರುವುದೇ ಕೊಳೆಯಾಗಲಿಕ್ಕೆ. ಬಾರ್ಡರ್ ಹಚ್ಚಿದಿರೋ, ನಿಮ್ಮ ಮಗಳು ಅದನ್ನು ಬೀರುವಿನಲ್ಲಿ ಜೋಪಾನವಾಗಿ ಎತ್ತಿಟ್ಟು ಮಗುವಿನ ಅಂಗಿಯನ್ನೇ ಜೊಲ್ಲಿಗೆ ಒಡ್ಡುತ್ತಾಳೆ. ಜರಿ ಎಳೆಗತ್ತನ್ನು ಗೀರುತ್ತದೆ, ಅದು ಬೇರೆ ಮಾತು. ಮಣಿ, ಮಿಂಚು, ಚಂದದ ಗುಂಡಿ ಯಾವುದೂ ಬೇಡ. ಹಲ್ಲು ಬರುವ ಮಗು ಕೈಗೆ ಸಿಕ್ಕಿದ್ದನ್ನೆಲ್ಲ ಕಚ್ಚಿ ಎಳೆಯುತ್ತದೆ, ಕಿತ್ತು ಬಂದರೆ ನುಂಗುತ್ತದೆ.

ಬಟ್ಟೆಗಾಗಿ ಪೇಟೆಗೆ ಹೋಗಬೇಡಿ. ಹುಟ್ಟಿದ ಮಗುವನ್ನು ಹಳೇ ಪಂಚೆಯಲ್ಲಿ ಸುತ್ತುತ್ತಿದ್ದ ನಮ್ಮ ಅಜ್ಜಿಯರಿಗೆ ಬಟ್ಟೆಯ ಗುಣ ಗೊತ್ತಿತ್ತು. ಹೊಸ ಹತ್ತಿಬಟ್ಟೆಯಲ್ಲಿ ಗಂಜಿ ಇರುತ್ತದೆ, ನೀರು ಬೇಗ ಹೀರುವುದಿಲ್ಲ. ವರ್ಷಗಟ್ಟಲೆ ಒಗೆಸಿಕೊಂಡ ನೂಲಿನ ಸೀರೆ ಮೆತ್ತಗಾಗಿ, ಹನಿ ಬಿದ್ದ ಕೂಡಲೇ ಎಳೆದುಕೊಳ್ಳುತ್ತದೆ. ಪಾಲಿಯೆಸ್ಟರ್ ಬೆರೆತ ಬಟ್ಟೆಯ ಮೇಲೆ ಜೊಲ್ಲು ಜಾರಿ ಸೀದಾ ಹೊಟ್ಟೆಗಿಳಿಯುತ್ತದೆ. ಸೀರೆಯನ್ನು ಬೆಳಕಿಗೆ ಹಿಡಿದು ನೋಡಿ, ಎಳೆ ಸವೆದು ಜಾಳಾದ ಕಡೆ ಬಿಟ್ಟು ಗಟ್ಟಿ ಇರುವ ಕಡೆ ಕತ್ತರಿಸಿ. ಬಯಲುಸೀಮೆಯಲ್ಲಾದರೆ ಹಿಂಬದಿಗೆ ಟರ್ಕಿ ಟವೆಲ್ ತುಂಡು ಕೊಡಿ ಎನ್ನುತ್ತಿದ್ದೆ. ನಿಮ್ಮ ತೀರ್ಥಹಳ್ಳಿಯ ಮಳೆಗಾಲದಲ್ಲಿ ಅದು ಒಣಗುವಷ್ಟರಲ್ಲಿ ಮುಗ್ಗಲು ವಾಸನೆ ಹಿಡಿದಿರುತ್ತದೆ. ಸೀರೆಯದೇ ಮೂರು ಪದರ ಸಾಕು.

ಬಿಬ್ ಹೊಲಿದಾದ ಮೇಲೆ, ಪದರಗಳು ಒಗೆತದಲ್ಲಿ ಮುದುಡದಿರಲು ಕೌದಿಯ ಹಾಗೆ ಅಲ್ಲಲ್ಲಿ ಕೈಹೊಲಿಗೆ ಓಡಿಸಿ. ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಹೆಂಗಸರು ಕೌದಿ ಹೊಲಿಯುವುದನ್ನು ನೋಡಿದ್ದೀರಾ? ಹೊರ ಅಂಚಿನಿಂದ ಹಿಡಿದು, ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಅಷ್ಟು ದೊಡ್ಡ ಕೆಲಸ ನಮಗೆ ಬೇಕಿಲ್ಲ, ಆದರೆ ಹಳೇ ಬಟ್ಟೆಗೆ ಬಲ ಬರುವುದು ಆ ಸಣ್ಣ ಹೊಲಿಗೆಗಳಿಂದಲೇ.

ಬಿಬ್ಬಿನ ಜೀವ ಇರುವುದು ಕತ್ತಿನಲ್ಲಿ. ಇಡೀ ಬಿಬ್ಬಿನ ಅಗಲ ಒಂಬತ್ತು ಇಂಚು, ಉದ್ದ ಹನ್ನೆರಡು. ಅರ್ಧ ಇಂಚು ಹೆಚ್ಚುಕಮ್ಮಿಯಾದರೂ ಯಾರಿಗೂ ಗೊತ್ತಾಗುವುದಿಲ್ಲ. ಕತ್ತು ಮಾತ್ರ ಹಾಗಲ್ಲ. ದೊಡ್ಡದಾದರೆ ಮಣ್ಣಿ ಒಳಗಿಳಿಯುತ್ತದೆ, ಚಿಕ್ಕದಾದರೆ ಮಗು ಕೂಗಿ ಮನೆ ಎಬ್ಬಿಸುತ್ತದೆ. ಆರೇಳು ತಿಂಗಳ ಕೂಸಿಗೆ ಮೂರೂವರೆ ಇಂಚು ಅಡ್ಡಳತೆಯ ವೃತ್ತ ಸಾಮಾನ್ಯವಾಗಿ ಸರಿಹೋಗುತ್ತದೆ. ಹಳೇ ಪೇಪರನ್ನು ನಡುವೆ ಮಡಿಸಿ ಅರ್ಧ ಆಕಾರ ಬರೆದು ಕತ್ತರಿಸಿದರೆ ಎರಡೂ ಬದಿ ಒಂದೇ ಸಮ ಬರುತ್ತವೆ. ಆಮೇಲೆ ಕತ್ತು ಸುತ್ತುವ ಪಟ್ಟಿಯನ್ನು ಒಂದು ಬದಿ ಮಾತ್ರ ಉದ್ದ ಮಾಡಿಕೊಳ್ಳಿ, ಪಟ್ಟಿಗಳು ಕೂಡುವ ಜಾಗ ಭುಜದ ಹತ್ತಿರ ಬರಲಿ. ಹಿಂಗತ್ತಿನಲ್ಲಿದ್ದರೆ ಒರಗಿದಾಗ ಒತ್ತುತ್ತದೆ.

ಎರಡು ಪದರಗಳನ್ನು ಹೊರಮೈ ಒಳಗೆ ಎದುರುಬದುರಾಗುವಂತೆ ಇಟ್ಟು, ಮೂರನೆಯದನ್ನು ಅವುಗಳ ಮೇಲೆ ಹಾಸಿ, ಅಂಚಿಂದ ಕಾಲಿಂಚು ಬಿಟ್ಟು ಸುತ್ತ ಹೊಲಿಯಿರಿ. ಕೆಳಗೆ ಮೂರು ಬೆರಳಷ್ಟು ಜಾಗ ತೆರೆದಿಡಿ. ತಿರುಗಿಸುವ ಮೊದಲು ಕತ್ತಿನ ತಿರುವಿನಲ್ಲಿ ಹೊಲಿಗೆಗೆ ತಾಗದಂತೆ ಕತ್ತರಿಯಿಂದ ಸಣ್ಣ ಸಣ್ಣ ಕಚ್ಚು ಹಾಕಿ. ಇದೊಂದನ್ನು ಬಿಟ್ಟರೆ ಕತ್ತು ನೆರಿಗೆಗಟ್ಟಿ ನಿಲ್ಲುತ್ತದೆ, ಇಸ್ತ್ರಿಗೂ ಬಗ್ಗುವುದಿಲ್ಲ. ಮಗುಚಿ, ತೆರೆದ ಬಾಯಿ ಮಡಿಸಿ, ಅಂಚಿಗೆ ಇನ್ನೊಂದು ಸುತ್ತು ಮಿಷನ್ ಓಡಿಸಿದರೆ ಆಯಿತು.

ಲಾಡಿ ಇಡಬೇಡಿ. ಒದ್ದೆಯಾದ ಗಂಟು ಬಿಚ್ಚಲಾಗದು, ಎಲ್ಲಾದರೂ ಸಿಕ್ಕಿಕೊಂಡರೆ ಕುತ್ತಿಗೆಗೆ ಬಿಗಿಯುತ್ತದೆ. ಎಳೆದರೆ ಬಿಟ್ಟುಕೊಳ್ಳುವ ವೆಲ್ಕ್ರೋ ನನಗೆ ಇಷ್ಟ. ಅದರ ಒರಟು ಮುಖ ಚರ್ಮಕ್ಕೆ ತಾಗದಂತೆ ಹೊರಗಿರಲಿ, ಒಗೆಯುವಾಗ ಮುಚ್ಚಿರಲಿ. ಮಗು ಕಿತ್ತೆಸೆಯುತ್ತದೆ ಎಂದು ಮಗಳು ಗೊಣಗಿದರೂ ಗೊಣಗಲಿ. ಮತ್ತೊಂದು ಮಾತು ಅವಳಿಗೆ ಖಂಡಿತ ಹೇಳಿ: ಮಲಗಿಸುವ ಮುಂಚೆ ಬಿಬ್ ಬಿಚ್ಚಲೇಬೇಕು, ತೊಟ್ಟಿಲಲ್ಲಿ ಅದು ಮೂಗುಬಾಯಿ ಮುಚ್ಚಬಹುದು. ಒದ್ದೆಯಾದದ್ದನ್ನು ಆಗಾಗ ಬದಲಿಸದಿದ್ದರೆ ಗದ್ದದ ಕೆಳಗಿನ ಮಡಿಕೆ ಕೆಂಪಾಗಿ ಉರಿಯುತ್ತದೆ. ಅದಕ್ಕೇ ನಾಲ್ಕು ಸಾಲದು, ಎಂಟಾದರೂ ಇರಲಿ.

ಕಲೆಗೆ ಅಂಜಬೇಡಿ. ಹಾಲಿನ ಕಲೆಯನ್ನು ಮೊದಲು ತಣ್ಣೀರಿನಲ್ಲಿ ಬಿಡಿಸಿ, ಬಿಸಿನೀರು ಅದನ್ನು ಅಂಟಿಸಿಬಿಡುತ್ತದೆ. ಬೇಳೆಕಟ್ಟಿನ ಅರಿಶಿನ ಸೋಪು ತಾಗಿದ ಕೂಡಲೇ ಕೆಂಪಾಗುತ್ತದೆ; ಗಾಬರಿ ಬೇಡ, ಚೆನ್ನಾಗಿ ಜಾಲಿಸಿ. ಉಳಿದ ಹಳದಿಯನ್ನು ಬಿಸಿಲು ತೆಗೆಯುತ್ತದೆ. ಬಾಳೆಹಣ್ಣಿನ ಕರೆ ಮಾತ್ರ ಸುಲಭಕ್ಕೆ ಜಗ್ಗದು, ಇರಲಿ ಬಿಡಿ.

ಎಂಟನ್ನೂ ಒಟ್ಟಿಗೆ ಕತ್ತರಿಸಬೇಡಿ. ಮೊದಲು ಒಂದನ್ನು ಹೊಲಿದು, ಊಟ ಮಾಡಿಸುವಾಗ ಕಟ್ಟಿ ನೋಡಿ. ಕತ್ತಿನ ಅಳತೆ ಏನು ಬೇಕೆಂದು ಮಗುವೇ ಹೇಳುತ್ತದೆ. ಸರಿಬಂದ ಅಳತೆಯನ್ನು ನನಗೂ ಬರೆದು ಕಳಿಸಿ.

ನಿಮ್ಮ ಗೆಳತಿ