ಎರವಲಿನ ಹೊರೆ

ಮದುವೆಯ ಮನೆಗೆ ಹಂಡೆ, ಜಮಖಾನೆಗಳನ್ನು ಎರವಲು ತರುವುದು ಲೋಕರೂಢಿ. ಬದುಕಿನಲ್ಲಿ ಒಂದೆರಡು ಬಾರಿ ಮಾತ್ರ ಬೇಕಾಗುವ ದೊಡ್ಡ ಹಂಡೆಯನ್ನು ಪ್ರತಿಯೊಬ್ಬನೂ ಕೊಂಡಿಟ್ಟುಕೊಳ್ಳುವುದು ಜಾಣತನವಲ್ಲ. ಆದರೆ ನೀರು ಕುಡಿಯುವ ತಂಬಿಗೆಯನ್ನೂ ನೆರೆಮನೆಯಿಂದಲೇ ತರುವವನನ್ನು ಜನ ಏನೆಂದಾರು? ನೆರೆಯವರು ಬೀಗ ಹಾಕಿಕೊಂಡು ಪರವೂರಿಗೆ ಹೋದ ದಿನ ಅವನ ಬಾಯಾರಿಕೆಗೆ ಗತಿಯೇನು?

ಕಂಪ್ಯೂಟರ್ ಕೆಲಸಗಾರರಲ್ಲಿಯೂ ಈ ಎರವಲುಂಟು. ಅನ್ಯರು ಬರೆದಿಟ್ಟ ಪ್ರೋಗ್ರಾಮಿನ ತುಣುಕುಗಳಿಗೆ ಅವರು ‘ಲೈಬ್ರರಿ’ ಎನ್ನುತ್ತಾರೆ. ಹೆಸರೇನೋ ಸೊಗಸಾಗಿದೆ. ಆದರೆ ಊರಿನ ಲೈಬ್ರರಿಯಿಂದ ಒಂದು ಪುಸ್ತಕ ತಂದರೆ ಒಂದೇ ಪುಸ್ತಕ ಮನೆಗೆ ಬರುತ್ತದೆ. ಇಲ್ಲಿ ಒಂದನ್ನು ಕರೆದರೆ ಅದು ನೆಚ್ಚಿದ ನಾಲ್ಕು, ಆ ನಾಲ್ಕು ನೆಚ್ಚಿದ ಹದಿನಾರು, ಬೀಗರ ಹಿಂದೆ ಬೀಗರ ಬಳಗವೇ ಬಂದಂತೆ ಒಳಗೆ ಬಂದುಬಿಡುತ್ತವೆ.

ಇದರ ಫಲ 2016ರ ಮಾರ್ಚ್ 22ರಂದು ಜಗತ್ತಿಗೆ ತಿಳಿಯಿತು. ಅಝೆರ್ ಕೋಚುಲು ಎಂಬಾತನು ಒಂದು ಹೆಸರಿನ ವಿಷಯದಲ್ಲಿ ಮನಸ್ತಾಪವುಂಟಾಗಿ, ‘ಎನ್‌ಪಿಎಂ’ ಎಂಬ ಸಾರ್ವಜನಿಕ ಭಂಡಾರದಿಂದ ತನ್ನ ಬರಹಗಳನ್ನೆಲ್ಲ ಹಿಂತೆಗೆದುಕೊಂಡನು. ಅವುಗಳಲ್ಲಿ ‘ಲೆಫ್ಟ್-ಪ್ಯಾಡ್’ ಒಂದು. ಅದರ ಗಾತ್ರ ಕೇವಲ 11 ಸಾಲು. ಕೆಲಸವೆಂದರೆ 7 ಎಂಬುದರ ಎಡಕ್ಕೆ ಸೊನ್ನೆ ತುಂಬಿ 007 ಮಾಡುವಂಥದು. ಅಷ್ಟು ಇಲ್ಲದಾದುದಕ್ಕೆ ಸಾವಿರಾರು ಪ್ರೋಗ್ರಾಮುಗಳ ನಿರ್ಮಾಣ ನಿಂತುಹೋಯಿತು. ಕೆಲವು ಗಂಟೆಗಳಲ್ಲಿ ಭಂಡಾರದವರು ಅದನ್ನು ಮರಳಿ ಇರಿಸಿದ ಮೇಲೆಯೇ ಜನ ನಿಟ್ಟುಸಿರು ಬಿಟ್ಟರು. 2017ರಲ್ಲಿ ಜಾವಾಸ್ಕ್ರಿಪ್ಟ್ ಭಾಷೆಗೇ ಆ ಸಾಮರ್ಥ್ಯ ‘ಪ್ಯಾಡ್‌ಸ್ಟಾರ್ಟ್’ ಎಂಬ ಹೆಸರಿನಲ್ಲಿ ಸೇರಿತು. ಆದರೂ ಹಳೆಯ ಎರವಲನ್ನು ಹಿಂದಿರುಗಿಸಲು ಎಷ್ಟೋ ಮಂದಿಗೆ ನೆನಪಾಗಲಿಲ್ಲ.

ದೇವದುರ್ಗದ ಮನೆಯೊಂದರಲ್ಲಿ ಕುಳಿತು ಬೆಂಗಳೂರಿನ ಕಂಪನಿಗೆ ದುಡಿಯುವ ತರುಣನೊಬ್ಬನನ್ನು ಊಹಿಸಿಕೊಳ್ಳೋಣ. ಪ್ರೋಗ್ರಾಮು ಸರಿಯೋ ತಪ್ಪೋ ಎಂದು ನೋಡುವ ಪರೀಕ್ಷಾ ಸ್ಕ್ರಿಪ್ಟು ಅವನ ಪಾಲಿನದು. ಪ್ರೋಗ್ರಾಮು ಸರಿಯಿದೆ, ಪರೀಕ್ಷೆ ಮಾತ್ರ ‘ತಪ್ಪು’ ಎನ್ನುತ್ತದೆ. ಎರವಲು ತಂದ ಲೈಬ್ರರಿಯೊಂದು ಹೊಸ ಆವೃತ್ತಿಯಲ್ಲಿ ತನ್ನ ನಡೆ ಬದಲಿಸಿದುದೇ ಕಾರಣ. ತಕ್ಕಡಿಯೇ ಓಲಾಡಿದರೆ ಹತ್ತಿಯ ತೂಕವನ್ನು ನಂಬುವುದೆಂತು? ಆತ ಅದನ್ನು ತೆಗೆಯಲು ಕೂರುತ್ತಾನೆ.

“ಯಾಕಪಾ, ಮುಂಜಾನಿಂದ ಕುಂತು ಒಂದು ಸಾಲು ಅಳಸಾಕ ಹತ್ತೀಯೇನು?” ಎಂದು ತಾಯಿ ಕೇಳಿಯಾಳು.

“ಹೌದು ಬೇ. ಬರಿಯಾದು ಸಲೀಸು, ತೆಗಿಯಾದ ತ್ರಾಸು.”

ಮಾತು ಸುಳ್ಳಲ್ಲ. ಆ ಲೈಬ್ರರಿಯನ್ನು ಎಲ್ಲೆಲ್ಲಿ ಕರೆಯಲಾಗಿದೆಯೆಂದು ಹುಡುಕಬೇಕು. ಅಲ್ಲೆಲ್ಲ ಭಾಷೆಯ ಸ್ವಂತ ಸವಲತ್ತನ್ನು ಕೂರಿಸಬೇಕು. ಏನನ್ನೂ ಅಳವಡಿಸದ ಹೊಸ ಕಂಪ್ಯೂಟರಿನಲ್ಲಿ ಓಡಿಸಿ ನೋಡಬೇಕು. ಕೊನೆಗೆ ಬೇಕೆಂದೇ ಪ್ರೋಗ್ರಾಮಿನಲ್ಲಿ ಒಂದು ತಪ್ಪನ್ನಿಟ್ಟು, ಪರೀಕ್ಷೆ ಅದನ್ನು ಹಿಡಿಯುವುದೇ ಎಂದು ಪರೀಕ್ಷಿಸಬೇಕು. ಎಲ್ಲಕ್ಕೂ ‘ಸರಿ’ ಎನ್ನುವ ಪರೀಕ್ಷಕನಿಂದ ಯಾರಿಗೆ ಪ್ರಯೋಜನ?

ಹಾಗೆಂದು ಎರವಲೆಲ್ಲವೂ ಹೇಯವಲ್ಲ. ‘ದೇವದುರ್ಗ’ ಎಂಬ ಹೆಸರನ್ನೇ ನೋಡಿ. ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಸ್ವರಚಿಹ್ನೆ, ವಿರಾಮಗಳನ್ನೆಲ್ಲ ಬೇರೆಬೇರೆಯಾಗಿ ಎಣಿಸುವ ಕಂಪ್ಯೂಟರಿಗೆ ಎಂಟು. ‘ಮಾನ್ವಿ’ ನಮಗೆ ಎರಡಾದರೆ ಅದಕ್ಕೆ ಆರು. ಹತ್ತು ಅಕ್ಷರಗಳ ಅಗಲಕ್ಕೆ ಹೆಸರುಗಳನ್ನು ಜೋಡಿಸಹೊರಟರೆ ಸಾಲೆಲ್ಲ ಸೊಟ್ಟ. ಕ್ರಮಸಂಖ್ಯೆಗೆ ಸೊನ್ನೆ ತುಂಬಲು ನೆರವು ಬೇಡ. ಕನ್ನಡದ ಅಕ್ಷರ ಎಣಿಸಲು ಬಲ್ಲವರ ನೆರವು ಬೇಕು. ಈ ವಿವೇಕವೇ ಕಸುಬಿನ ಸಾರ.

ವಿವೇಕ ತಪ್ಪಿದರೆ ಅಪಾಯ ಸಣ್ಣದಲ್ಲ. 2024ರ ಮಾರ್ಚಿನಲ್ಲಿ ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರು, ದೂರದ ಕಂಪ್ಯೂಟರಿಗೆ ಪ್ರವೇಶಿಸುವಾಗ ಅರ್ಧ ಸೆಕೆಂಡು ಹೆಚ್ಚಾಗುತ್ತಿರುವುದೇಕೆಂದು ಬೆನ್ನುಹತ್ತಿ, ‘ಎಕ್ಸ್‌ಝಡ್’ ಎಂಬ ಲೈಬ್ರರಿಯಲ್ಲಿ ಯಾರೋ ಕನ್ನ ಕೊರೆದಿದ್ದುದನ್ನು ಬಯಲಿಗೆಳೆದನು. ಕನ್ನದ ಸಾಮಗ್ರಿ ಅಡಗಿದ್ದುದು ಪರೀಕ್ಷೆಗೆಂದು ಇರಿಸಿದ ಕಡತಗಳಲ್ಲಿ! ಬೇಲಿಯೇ ಎದ್ದು ಹೊಲ ಮೇದಂತಾಯಿತು. ಪ್ರವೇಶದ್ವಾರ ಕಾಯುವ ‘ಓಪನ್‌ಎಸ್‌ಎಸ್‌ಎಚ್’ಗೆ ಎಕ್ಸ್‌ಝಡ್ ಬೇಕೇ ಇರಲಿಲ್ಲ. “ನಾನು ಸಿದ್ಧ” ಎಂಬ ಪುಟ್ಟ ಸಂದೇಶ ಕಳುಹಿಸಲೆಂದು ಕೆಲವು ಲಿನಕ್ಸ್ ವಿತರಕರು ಇನ್ನೊಂದು ಲೈಬ್ರರಿಯನ್ನು ಅದಕ್ಕೆ ಕಟ್ಟಿದ್ದರು. ಅದರ ಬೆನ್ನೇರಿ ಇದು ಬಂದಿತ್ತು. ಅದೇ ವರ್ಷದ ಜುಲೈನಲ್ಲಿ ಹೊರಬಂದ 9.8ನೆಯ ಆವೃತ್ತಿಯಲ್ಲಿ ಓಪನ್‌ಎಸ್‌ಎಸ್‌ಎಚ್‌ನವರು ಆ ಪುಟ್ಟ ಸಂದೇಶವನ್ನು ತಾವೇ ಬರೆದುಕೊಂಡರು.

ಹೊಸದನ್ನು ಕಟ್ಟಿದವನ ಕೆಲಸವನ್ನು ನಾಲ್ಕು ಜನ ನೋಡುತ್ತಾರೆ. ಬೇಡದುದನ್ನು ತೆಗೆದವನ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಮುಂದೆಂದೋ ಸಂಭವಿಸಬಹುದಾಗಿದ್ದ ಗೋಳೊಂದು ಸಂಭವಿಸದೆ ಹೋಗುತ್ತದೆ. ಅಷ್ಟೇ ಅವನಿಗೆ ಸಲ್ಲುವ ಸನ್ಮಾನ.